ಬಿಳಿ ಅಂಗಿಯವರು ತುಂಬಿದ ಚೀಲ

ಚೀಲ ಬಿಚ್ಚುವುದು ಅವಳ ಕೆಲಸ. ಅದಕ್ಕೇ ಅವಳು ಚೀಲದಕ್ಕ. ಆ ಶೆಡ್ಡಿನಲ್ಲಿ ಹೆತ್ತವರು ಇಟ್ಟ ಹೆಸರು ಯಾರಿಗೂ ಉಳಿದಿಲ್ಲ. ಕೈಗೆ ಏನು ಬರುತ್ತದೋ ಅದೇ ಹೆಸರು. ಗಾಜು ಆರಿಸುವವಳು ಬಾಟ್ಲಿ. ಪಾಪ, ಜನ್ಮದಲ್ಲಿ ಒಂದು ತೊಟ್ಟು ಕುಡಿದವಳಲ್ಲ. ರಟ್ಟು ಮಡಚಿ ಕಟ್ಟುವ ಮುದುಕಿ ರಟ್ಟಜ್ಜಿ. ಮೇಸ್ತ್ರಿಯ ಕೈಗೆ ಏನೂ ಬರುವುದಿಲ್ಲ, ಬರುವುದೆಲ್ಲ ಜೇಬಿಗೆ. ಆದ್ದರಿಂದ ಅವನು ಬರೀ ಮೇಸ್ತ್ರಿ.

ಬೆಳಕು ಹರಿಯುತ್ತಿದ್ದಂತೆ ಲಾರಿ ಹಿಮ್ಮುಖವಾಗಿ ಬಂದು ನಿಲ್ಲುತ್ತದೆ. ಬೆನ್ನೆತ್ತಿ ಸುರಿಯುತ್ತದೆ. ಇಡೀ ವಾರ್ಡಿನ ನಿನ್ನೆ ಸಿಮೆಂಟು ನೆಲದ ಮೇಲೆ ಬೀಳುತ್ತದೆ. ಮೊದಲು ಹೋಗುವವಳು ಚೀಲದಕ್ಕ. ಚೀಲವನ್ನು ಕಾಲಿನಿಂದ ಒತ್ತಿ ನೋಡುತ್ತಾಳೆ. ಮೆತ್ತಗೆ ಭಾರವಾಗಿದ್ದರೆ ಕೂಸಿನ ಡೈಪರು. ಸದ್ದು ಮಾಡಿದರೆ ಡಬ್ಬಿ. ಚುಚ್ಚಿದರೆ ಬ್ಲೇಡು, ಇಲ್ಲವೇ ಸೂಜಿ. ಆಮೇಲೆ ಕಬ್ಬಿಣದ ಕೊಕ್ಕೆ ಹಾಕಿ ಸೀಳುತ್ತಾಳೆ. ಸೀಳುವಾಗ ಮುಖ ಆಚೆ ತಿರುಗಿಸಬೇಕು. ಇಲ್ಲದಿದ್ದರೆ ಒಳಗೆ ಕೊಳೆತದ್ದರ ಬಿಸಿ ನೇರ ಬಾಯಿಗೆ ನುಗ್ಗುತ್ತದೆ. ಬಗ್ಗಿದ ಸೊಂಟ ಮಧ್ಯಾಹ್ನದವರೆಗೂ ಬಗ್ಗಿದ ಹಾಗೇ. ಕೈಗವಸು ಕೊಡುತ್ತಾರೆ, ಇಲ್ಲ ಅನ್ನುವ ಹಾಗಿಲ್ಲ. ಮೇಲಿನವರು ನೋಡಲು ಬರುವ ದಿನ ಕೊಡುತ್ತಾರೆ. ಅವರ ಕಾರು ತಿರುವಿನಲ್ಲಿ ಮರೆಯಾದ ಕೂಡಲೇ ಎಣಿಸಿ ವಾಪಸ್ ಇಸಿದುಕೊಳ್ಳುತ್ತಾರೆ.

ಶೆಡ್ಡಿನ ಮುಂದೆ ಆನೆಗಾತ್ರದ ಬೋರ್ಡಿದೆ. ಹಸಿ ಕಸ ಒಂದು ಬುಟ್ಟಿಗೆ, ಒಣ ಕಸ ಇನ್ನೊಂದು ಬುಟ್ಟಿಗೆ, ಅಪಾಯಕಾರಿ ಕಸ ಮೂರನೆಯದಕ್ಕೆ, ಇಲ್ಲವೇ ವಾರ್ಡು ಕಚೇರಿಯ ಕೌಂಟರಿಗೆ. ಬೆರೆಸಿದವರಿಗೆ ದಂಡ. ಆಸ್ಪತ್ರೆ, ಕಾರ್ಖಾನೆಗಳ ಕಸಕ್ಕೆ ಬೇರೆ ಗಾಡಿ, ಬೇರೆ ಜಾಗ. ಎಲ್ಲ ಬಣ್ಣ ಬಣ್ಣದಲ್ಲಿ ಬರೆದಿದೆ, ಬುಟ್ಟಿಗಳಿಗೆ ಕಣ್ಣು ಮೂಗು ಬಿಡಿಸಿ ನಗುವ ಹಾಗೆ ಮಾಡಿದ್ದಾರೆ. ಆ ನಗುವ ಬುಟ್ಟಿಗಳ ಕೆಳಗೇ ಎಲ್ಲವೂ ಒಂದೇ ರಾಶಿಯಾಗಿ ಬಂದು ಬೀಳುತ್ತದೆ. ಇವತ್ತಿನವರೆಗೆ ದಂಡ ಕಟ್ಟಿದ ಒಬ್ಬ ಮನುಷ್ಯನನ್ನು ಚೀಲದಕ್ಕ ಕಂಡಿಲ್ಲ. ಬೆರಳು ಕುಯ್ದುಕೊಂಡವರನ್ನು ಕಂಡಿದ್ದಾಳೆ.

ಬೋರ್ಡಿನಲ್ಲಿ ಬರೆಯದ ಒಂದು ಕಾನೂನೂ ಶೆಡ್ಡಿನಲ್ಲಿತ್ತು. ಅದು ಹೆಂಗಸರದು. ಗುಜರಿಯವನು ಬೇಡ ಅಂದದ್ದು ಆರಿಸಿದವಳಿಗೆ. ಕಬ್ಬಿಣ, ತಾಮ್ರ, ರಟ್ಟು, ಬಾಟಲಿ ಎಲ್ಲ ಮೇಸ್ತ್ರಿಯ ಲೆಕ್ಕಕ್ಕೆ. ಗುಜರಿಯವನು ಮೂಗು ಮುರಿದು ಪಕ್ಕಕ್ಕೆ ತಳ್ಳಿದ ಸಾಮಾನನ್ನು ಹೆಂಗಸರು ಸೆರಗಿಗೆ ಕಟ್ಟಿಕೊಂಡು ಮನೆಗೆ ಒಯ್ಯಬಹುದು. ಕೈ ಮುರಿದ ಗೊಂಬೆ, ಒಂಟಿ ಚಪ್ಪಲಿ, ಮುಳ್ಳಿಲ್ಲದ ಗಡಿಯಾರ. ಅವರ ಮಕ್ಕಳು ಆಡಿ ಬೆಳೆದದ್ದು ಇಂಥವುಗಳ ಜೊತೆಗೇ. ಅಂಗಡಿಯ ಆಟಿಕೆಯನ್ನು ಅವರು ಕಂಡದ್ದು ಅಂಗಡಿಯಲ್ಲಿ ಮಾತ್ರ.

ಬೇಸಿಗೆಯ ಮೊದಲಿಗೆ ದೊಡ್ಡ ರಸ್ತೆಯ ನರ್ಸಿಂಗ್ ಹೋಮಿನ ಚೀಲಗಳು ಬಂದವು. ಅವು ಮನೆ ಕಸದ ಲಾರಿಯಲ್ಲಿ ಬರಬಾರದು. ಬರುತ್ತವೆ. ಬೇರೆ ಗಾಡಿಗೆ ಬೇರೆ ಖರ್ಚು. ಮೇಸ್ತ್ರಿಯನ್ನು ನೋಡಿಕೊಂಡರೆ ಸಾಕು, ಸಲೀಸು. ಆವತ್ತು ಚೀಲದಕ್ಕ ಕಾಲಿನಿಂದ ಒತ್ತಿದಾಗ ಒಳಗೆ ಪೆಟ್ಟಿಗೆಗಳು ತಗುಲಿದವು. ಸೀಳಿದರೆ ಬಿ.ಪಿ. ನೋಡುವ ಹಳೇ ಪೆಟ್ಟಿಗೆಗಳು, ರಾಶಿ. ಹೊಸದು ಬಂದಿರಬೇಕು, ಹಳೆಯದನ್ನು ಒಟ್ಟಿಗೇ ಹೊರಗೆ ಹಾಕಿದ್ದಾರೆ.

"ಗಾಜು ಒಡೆದು ತೆಗಿ. ಪೆಟ್ಟಿಗೆ ನನಗೆ ಬೇಕು," ಅಂದ ಮೇಸ್ತ್ರಿ.

ಅವಳು ಕಲ್ಲಿನಿಂದ ಕುಟ್ಟಿದಳು. ಗಾಜಿನ ಕೊಳವೆ ಒಡೆದು ಬೆಳ್ಳಗೆ ಏನೋ ಓಡಿತು. ನೀರಲ್ಲ, ಒದ್ದೆ ಮಾಡುವುದಿಲ್ಲ. ಲೋಹವಲ್ಲ, ಹಿಡಿದರೆ ಸಿಗುವುದಿಲ್ಲ. ಬೆರಳು ತಾಗಿಸಿದರೆ ಒಂದು ಮಣಿ ಹತ್ತು ಮಣಿಯಾಗುತ್ತದೆ, ಕೂಡಿಸಿದರೆ ಮತ್ತೆ ಒಂದೇ. ಗುಜರಿಯವನಿಗೆ ತೋರಿಸಿದಳು. ಅವನು ನಗಾಡಿ, "ಇದನ್ನ ಎಲ್ಲಿ ತೂಗಲಿ? ನೀನೇ ಇಟ್ಕೋ," ಅಂದ. ಚೀಲದಕ್ಕ ಒಂದು ರಟ್ಟಿನ ಚೂರಿನಿಂದ ಅದನ್ನೆಲ್ಲ ಗೋರಿ ಗೋರಿ ಕೆಮ್ಮಿನ ಔಷಧಿಯ ಖಾಲಿ ಶೀಶೆಗೆ ತುಂಬಿಕೊಂಡಳು. ಶೀಶೆ ಬೆರಳುದ್ದ, ಭಾರ ಮಾತ್ರ ಕಲ್ಲಿನಷ್ಟು. ಹೆಂಗಸರು ಅದಕ್ಕೆ ಓಡುಬೆಳ್ಳಿ ಅಂದರು. ಬಾಟ್ಲಿ ಹೊಟ್ಟೆಕಿಚ್ಚು ಪಟ್ಟಳು. "ನಿನ್ನ ಮಗಳ ಅದೃಷ್ಟ ಕಣೇ," ಅಂದಳು.

ಆ ಮಗಳ ಅದೃಷ್ಟವನ್ನು ಕೇಳಿ. ಇನ್ನೂ ಎಂಟು ತುಂಬದ ಹುಡುಗಿ. ಶೆಡ್ಡಿನ ಹಿಂದೆ ಚರಂಡಿ, ಚರಂಡಿಯ ಆಚೆ ತಗಡಿನ ಮನೆಗಳ ಸಾಲು, ಅದರಲ್ಲಿ ಒಂದು ಕೋಣೆ. ಕೋಣೆಯ ಮೂಲೆಯಲ್ಲಿ ಒಲೆ, ಒಲೆಯ ಪಕ್ಕ ಹಾಸಿಗೆ. ಆ ಹಾಸಿಗೆಯ ಮೇಲೆ ಕೂತು ತಟ್ಟೆಯಲ್ಲಿ ಓಡುಬೆಳ್ಳಿ ಸುರಿದುಕೊಂಡು ಆಡಿದಳು. ಮಣಿ ಒಡೆಯುವುದು, ಮಣಿ ಕೂಡಿಸುವುದು. ತಾಮ್ರದ ತಂತಿಯನ್ನು ಬಗ್ಗಿಸಿ ಉಂಗುರ ಮಾಡಿ ಅದಕ್ಕೆ ಉಜ್ಜಿದಳು. ಉಂಗುರ ಬೆಳ್ಳಿಯಂತೆ ಹೊಳೆಯಿತು. ಅಕ್ಕಪಕ್ಕದ ಮಕ್ಕಳೆಲ್ಲ ಬಾಗಿಲಲ್ಲಿ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ತೀರ್ಮಾನ ಮಾಡುವ ಯಜಮಾನಿಕೆ ಮೊದಲ ಸಲ ಅವಳಿಗೆ ಸಿಕ್ಕಿತ್ತು. ಮನೆಯಲ್ಲೇ ಇದ್ದ ಚೀಲದಕ್ಕನ ಅತ್ತೆಯೂ ಒಂದು ಸಲ ಬೆರಳು ಅದ್ದಿ ನೋಡಿ, "ನನ್ನ ಮದುವೇಲಿ ಇಷ್ಟು ಬೆಳ್ಳಿ ಹಾಕಿದ್ರೆ ನಿಮ್ಮ ಮಾವನ ಮುಖ ಇನ್ನಷ್ಟು ಸಹಿಸ್ಕೋತಿದ್ದೆ," ಅಂದಿದ್ದಳು. ತಟ್ಟೆಯಿಂದ ಜಾರಿದ ಮಣಿಗಳು ನೆಲದ ಬಿರುಕಿಗೆ ಇಳಿದವು, ಹಾಸಿಗೆಯ ಹೊಲಿಗೆಗೆ ಇಳಿದವು. ಯಾರು ಲೆಕ್ಕ ಇಟ್ಟರು.

ಮಳೆ ಶುರುವಾಗುವ ಹೊತ್ತಿಗೆ ಹುಡುಗಿಯ ಅಂಗೈ ಕೆಂಪಾಗಿ ಸಿಪ್ಪೆ ಸುಲಿಯತೊಡಗಿತು. ಆಮೇಲೆ ಅಂಗಾಲು. ಬೆವರು, ಸುಮ್ಮಸುಮ್ಮನೆ ಬೆವರು. ಊಟದ ತಟ್ಟೆ ನೋಡಿದರೆ ಮುಖ ತಿರುವುತ್ತಿದ್ದಳು. ಮಾತೆತ್ತಿದರೆ ಕಿರುಚಾಟ, ತಲೆ ಚಚ್ಚಿಕೊಳ್ಳುವುದು. ಶಾಲೆಯಲ್ಲಿ ಬರೆದ ಅಕ್ಷರಗಳು ಗೆರೆ ಬಿಟ್ಟು ಅಲ್ಲಾಡುತ್ತಿದ್ದವು. ಟೀಚರು, ಗಮನ ಕೊಡಲ್ಲ ಎಂದು ಕೈ ಮೇಲೆ ಹೊಡೆದಳು, ಆ ಸುಲಿದ ಕೈ ಮೇಲೇ. ಕೊನೆಗೆ ಒಂದು ದಿನ ಲೋಟ ಹಿಡಿಯಲಾಗದೆ ನೀರು ಮೈಮೇಲೆ ಚೆಲ್ಲಿಕೊಂಡು ಹುಡುಗಿ ತಾಯಿಯ ಮುಖ ನೋಡಿದಳು. ಚೀಲದಕ್ಕ ಕೆಲಸ ತಪ್ಪಿಸಿ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದಳು.

ಅಲ್ಲಿ ಒಬ್ಬಳು ಡಾಕ್ಟರಮ್ಮ. ವಯಸ್ಸು ಚಿಕ್ಕದು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಹುಡುಗಿಯ ಕೈ ಹಿಡಿದು, ನಾಲಿಗೆ ಚಾಚಿಸಿ, ಬೆರಳು ನೀಡಿಸಿ ನೋಡಿದಳು. ರಕ್ತ, ಮೂತ್ರ ತೆಗೆಸಿದಳು. ಪರೀಕ್ಷೆಯ ಫಲ ಬಂದ ದಿನ ಬಾಗಿಲು ಮುಂದೆ ಮಾಡಿ ಕೇಳಿದಳು:

"ಮನೇಲಿ ಪಾದರಸ ಇದೆಯಾ? ಬೆಳ್ಳಿ ಹಾಗೆ ಹೊಳೆಯುತ್ತೆ, ನೀರಿನ ಹಾಗೆ ಓಡುತ್ತೆ. ಉಂಡೆ ಉಂಡೆ ಆಗುತ್ತೆ."

ಚೀಲದಕ್ಕ ಮಗಳ ಕಡೆ ತಿರುಗಿದಳು. ಹುಡುಗಿಯೇ ಹೇಳಿದಳು: "ಇದೆ. ನಂದು. ಅಮ್ಮ ತಂದುಕೊಟ್ಟಿದ್ದು."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಧಾನವಾಗಿ ಹೇಳಿದಳು. ಅದು ವಿಷ. ಕಣ್ಣಿಗೆ ಕಾಣದ ಆವಿಯಾಗಿ ಉಸಿರಲ್ಲಿ ಹೋಗುತ್ತದೆ, ಒಲೆಯ ಬಿಸಿ ತಾಗಿದರೆ ಇನ್ನೂ ಜಾಸ್ತಿ. ನರಕ್ಕೆ ಹೋಗುತ್ತದೆ, ಮೂತ್ರಪಿಂಡಕ್ಕೆ ಹೋಗುತ್ತದೆ.

"ಔಷಧಿ ಶುರು ಮಾಡ್ತೀನಿ. ಔಷಧಿ ಒಳಗಿರೋದನ್ನ ಹೊರಗೆ ತಳ್ಳುತ್ತೆ. ಆದ್ರೆ ಕೇಳಿಸ್ಕೋ ಅಮ್ಮ. ಇನ್ನು ಮೇಲೆ ಅದರ ಗಾಳಿ ಕೂಡ ಈ ಮಗೂಗೆ ಸೋಕಬಾರದು. ಸೋಕಿದ್ರೆ ನಾನು ಏನು ಕೊಟ್ಟರೂ ನೀರಿನಲ್ಲಿ ಹೋಮ. ಮಗು ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ."

ದಾರಿಯುದ್ದಕ್ಕೂ ಚೀಲದಕ್ಕ ತನ್ನನ್ನೇ ಶಪಿಸಿಕೊಂಡಳು. ಹೆತ್ತ ಕೈಯಿಂದಲೇ ಕೊಟ್ಟೆನಲ್ಲ. ಗೋರಿ ಗೋರಿ ತುಂಬಿ, ಒಂದು ಹನಿ ಹಾಳಾಗದ ಹಾಗೆ, ಸೆರಗಿಗೆ ಗಂಟು ಹಾಕಿಕೊಂಡು ತಂದು ಕೊಟ್ಟೆನಲ್ಲ. ಹುಡುಗಿಯನ್ನು ಅತ್ತೆಯ ಜೊತೆ ಬಾಟ್ಲಿಯ ಮನೆಯಲ್ಲಿ ಕೂರಿಸಿ, ತಾನೊಬ್ಬಳೇ ಒಳಗೆ ಹೋಗಿ, ಉಸಿರು ಬಿಗಿಹಿಡಿದು ಶೀಶೆಯನ್ನು ಎತ್ತಿಕೊಂಡು ಹೊರಬಂದಳು. ಇದನ್ನು ಎಲ್ಲಿಗೆ ಹಾಕುವುದು?

"ಚರಂಡಿಗೆ ಬಿಸಾಕು, ಪೀಡೆ ತೊಲಗಲಿ," ಅಂದಳು ಬಾಟ್ಲಿ.

ಆ ಚರಂಡಿಯಲ್ಲೇ ಸಾಲಿನ ಮಕ್ಕಳು ಕಾಗದದ ದೋಣಿ ಬಿಡುತ್ತಾರೆ. ಚೀಲದಕ್ಕ ತಲೆಯಾಡಿಸಿದಳು. ಬೋರ್ಡಿನಲ್ಲಿ ಬರೆದಿತ್ತಲ್ಲ, ಅಪಾಯಕಾರಿ ಕಸವನ್ನು ವಾರ್ಡು ಕಚೇರಿಯ ಕೌಂಟರಿಗೆ ತಂದುಕೊಡಿ ಅಂತ. ಸೀರೆ ಕೊಡವಿ ಉಟ್ಟು, ಶೀಶೆಯನ್ನು ತಗಡಿನ ಡಬ್ಬಿಯಲ್ಲಿಟ್ಟು, ಅಲ್ಲಿಗೆ ಹೋದಳು.

ಕೌಂಟರಿನ ಮುಂದೆ ಸಾಲು. ಒಬ್ಬರ ಕೈಯಲ್ಲಿ ಹಳೇ ಬ್ಯಾಟರಿ, ಇನ್ನೊಬ್ಬರ ಕೈಯಲ್ಲಿ ಟ್ಯೂಬ್‌ಲೈಟು, ಬಣ್ಣದ ಡಬ್ಬ. ಅವಳು ಸಾಲಿನಲ್ಲಿ ನಿಂತದ್ದೇ ಮುಂದಿನ ಹೆಂಗಸು ಮೂಗಿಗೆ ಕರವಸ್ತ್ರ ಹಿಡಿದು ಒಂದು ಮಾರು ಮುಂದೆ ಸರಿದಳು. ಇವಳ ಸರದಿ ಬಂತು. ಗುಮಾಸ್ತ ತಲೆ ಎತ್ತದೆ ಕೇಳಿದ:

"ಮನೆ ನಂಬರು?"

"ನಂಬರಿಲ್ಲ ಸಾರ್. ಶೆಡ್ಡಿನ ಹಿಂದಿನ ಸಾಲು."

"ನಂಬರಿಲ್ಲದ ಮನೆ ಕಸ ತಗೊಳ್ಳಲ್ಲ. ಇದು ವಾರ್ಡಿನ ನಿವಾಸಿಗಳಿಗೆ ಮಾತ್ರ."

"ನಾವು ಇಲ್ಲೇ ಇರೋದು ಸಾರ್."

"ಇರೋರೆಲ್ಲ ನಿವಾಸಿಗಳಾಗ್ತಾರೇನಮ್ಮ?" ಗುಮಾಸ್ತ ಈಗ ತಲೆ ಎತ್ತಿದ. ಅವಳ ಕೈ ನೋಡಿದ, ಉಗುರು ನೋಡಿದ, ಅರ್ಥವಾಯಿತು. ನಕ್ಕ. "ನೀನು ಶೆಡ್ಡಿನವಳಲ್ವಾ? ನಿಂಗೇನು ಕಷ್ಟ? ಯಾವುದಾದ್ರೂ ಚೀಲಕ್ಕೆ ತುರುಕಿಬಿಡು. ಹೇಗಿದ್ರೂ ಅಲ್ಲಿಗೇ ಬರುತ್ತೆ."

ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು. ಚೀಲದಕ್ಕನಿಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಅಲ್ಲಿಗೇ ಬರುತ್ತದೆ, ನಿಜ. ಬಂದಾಗ ಅದನ್ನು ಸೀಳುವವಳು ಯಾರು? ಡಬ್ಬಿ ಎತ್ತಿಕೊಂಡು ವಾಪಸ್ ಬಂದಳು. ತಗಡಿನ ಸಾಲಿನ ಕೊನೆಯಲ್ಲಿ, ಮನೆಗಳಿಂದ ದೂರ, ಗುಂಡಿ ತೋಡಿ ಡಬ್ಬಿ ಇಟ್ಟು ಮೇಲೆ ಚಪ್ಪಡಿ ಎಳೆದಳು. ಮಕ್ಕಳು ಆ ಕಡೆ ಹೋಗದ ಹಾಗೆ ಅತ್ತೆ ಚಪ್ಪಡಿಯ ಮೇಲೆ ಕೂತು ಕಾವಲು ಕಾದಳು. "ನನ್ನ ಬಾಳಲ್ಲಿ ಬೆಳ್ಳಿ ಕಾಯೋ ಯೋಗ ಬಂತು ನೋಡು," ಅಂದಳು. ಈ ಸಲ ಅವಳು ನಗಲಿಲ್ಲ.

ಸುಮ್ಮನಿರದವಳು ಡಾಕ್ಟರಮ್ಮ. ಎಲ್ಲೆಲ್ಲಿಗೆ ಫೋನು ಮಾಡಿದಳೋ, ಎರಡು ದಿನ ಬಿಟ್ಟು ಸಾಲಿನ ಮುಂದೆ ಮೂರು ಗಾಡಿ ಬಂದು ನಿಂತವು. ಇಳಿದವರು ತಲೆಯಿಂದ ಕಾಲಿನವರೆಗೆ ಬಿಳಿ. ಬಿಳಿ ಅಂಗಿ, ಅದಕ್ಕೇ ಹೊಲಿದ ಟೊಪ್ಪಿ, ಕಣ್ಣಿಗೆ ಗಾಜು, ಮೂಗಿಗೆ ಡಬ್ಬಿಯಂಥ ಮಾಸ್ಕು, ಮೊಣಕೈವರೆಗೆ ಗವಸು, ಮೊಣಕಾಲವರೆಗೆ ಬೂಟು. ಮಕ್ಕಳು ಹೆದರಿ ಓಡಿದವು. ಅವರ ಹಿಂದೆ ಹೆಲ್ತ್ ಇನ್‌ಸ್ಪೆಕ್ಟರು. ಅವನಿಗೂ ಅದೇ ವೇಷ, ಅದಕ್ಕೆ ಅವರಲ್ಲಿ ಕಿಟ್ ಅಂತ ಹೆಸರು. ಅವನ ಹಿಂದೆ ಫೋಟೋದವನು.

ಅವರು ಗುಂಡಿ ಅಗೆದರು. ಅವಳು ಬರಿಗೈಯಲ್ಲಿ ಗೋರಿದ್ದನ್ನು ಉದ್ದ ಚಿಮಟದಲ್ಲಿ ಹಿಡಿದೆತ್ತಿದರು. ಹಾಸಿಗೆ ಮಡಚಿದರು. ಹುಡುಗಿಯ ಬಟ್ಟೆ, ಪುಸ್ತಕ, ಊಟದ ತಟ್ಟೆ, ನೆಲದ ಮಣ್ಣು, ಎಲ್ಲವನ್ನೂ ದಪ್ಪ ಕಪ್ಪು ಚೀಲಗಳಿಗೆ ತುಂಬಿ, ಬುರುಡೆ ಚಿತ್ರದ ಹಳದಿ ಪಟ್ಟಿ ಸುತ್ತಿದರು. ಹುಡುಗಿಯ ಹೂವಿನ ಫ್ರಾಕೂ ಹೋಯಿತು. ಅದಕ್ಕಾಗಿ ಅವಳು ಅತ್ತದ್ದು ಓಡುಬೆಳ್ಳಿಗಾಗಿ ಅತ್ತದ್ದಕ್ಕಿಂತ ಜಾಸ್ತಿ.

ಇನ್‌ಸ್ಪೆಕ್ಟರು ಮಾಸ್ಕಿನೊಳಗಿಂದಲೇ ಭಾಷಣ ಮಾಡಿದ. "ನಿಮ್ಮಂಥೋರಿಗೆ ಎಷ್ಟು ಹೇಳಿದ್ರೂ ಅಷ್ಟೇ. ವಿಷ ತಂದು ಮನೇಲಿಟ್ಕೋತೀರಾ. ಇದು ಕಾನೂನು ಪ್ರಕಾರ ಅಪರಾಧ, ಗೊತ್ತಾ? ಮಗು ಮುಖ ನೋಡಿ ಬಿಟ್ಟಿದ್ದೀನಿ."

"ಅದನ್ನ ಚೀಲದಲ್ಲಿ ಹಾಕಿ ಕಳಿಸಿದ್ದು ನರ್ಸಿಂಗ್ ಹೋಮಿನವರು ಸಾರ್," ಅಂದಳು ಚೀಲದಕ್ಕ.

"ಅದನ್ನ ನಾವು ನೋಡ್ಕೋತೀವಿ. ನೀನು ನಿನ್ನ ಮನೆ ನೋಡ್ಕೋ."

ಮನೆ ಎಲ್ಲಿತ್ತು ನೋಡಿಕೊಳ್ಳಲು? ಬಾಗಿಲಿಗೆ ಅದೇ ಹಳದಿ ಪಟ್ಟಿ ಹೊಡೆದು, ಹೇಳುವವರೆಗೆ ಒಳಗೆ ಕಾಲಿಡಬೇಡಿ ಅಂದಿದ್ದರು. ಬಾಟ್ಲಿಯ ಕೋಣೆಯಲ್ಲಿ ಅವಳ ಮಕ್ಕಳಿಗೇ ಕಾಲು ಚಾಚಲು ಜಾಗವಿರಲಿಲ್ಲ. ಮೇಸ್ತ್ರಿಗೆ ಕರುಣೆ ಉಕ್ಕಿತು. ಶೆಡ್ಡಿನ ಮೂಲೆಯಲ್ಲಿ ಪೊರಕೆ, ಬುಟ್ಟಿ ಇಡುವ ಕೋಣೆಯಿದೆ, ಅದರಲ್ಲಿ ಇರಿ ಅಂದ. ಇರುವುದಕ್ಕೆ ಬದಲು ಅತ್ತೆ ಶೆಡ್ಡು ಗುಡಿಸಬೇಕು, ಅಷ್ಟೆ. ಧರ್ಮಿಷ್ಠ.

ಔಷಧಿ ಕೆಲಸ ಮಾಡಿತು. ಬೆವರು ನಿಂತಿತು. ಒಂದು ಬೆಳಿಗ್ಗೆ ಹುಡುಗಿ ತಾನಾಗಿ ಹಸಿವು ಅಂದಳು. ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಒಂದು ಹನಿ ಚೆಲ್ಲದೆ ಕುಡಿದು, "ನೋಡಿದ್ಯಾ?" ಅಂದಳು. ಚೀಲದಕ್ಕ ಆಚೆ ಹೋಗಿ ಗೋಡೆಗೆ ಹಣೆ ಇಟ್ಟು ಮನಸಾರೆ ಅತ್ತಳು. ತಾನು ಕೊಟ್ಟ ವಿಷ ಮಗಳಿಂದ ಇಳಿಯುತ್ತಿದೆ. ಇನ್ನೊಂದಿಷ್ಟು ದಿನ ಗಾಳಿ ಸೋಕದಿದ್ದರೆ ಸಾಕು.

ಅದಾದ ಮರುದಿನ ಬೆಳಿಗ್ಗೆ ಲಾರಿ ಎಂದಿನಂತೆ ಬಂತು, ಎಂದಿನಂತೆ ಬೆನ್ನೆತ್ತಿ ಸುರಿಯಿತು. ಚೀಲದಕ್ಕ ಕೊಕ್ಕೆ ಹಿಡಿದು ಮುಂದೆ ಹೋದಳು. ಎರಡು ಚೀಲ ಸೀಳಿದಳು. ಮೂರನೆಯದರ ಮೇಲೆ ಕಾಲಿಟ್ಟಳು. ಮೆತ್ತಗಿತ್ತು, ಡೈಪರಿನ ಮೆತ್ತಗಲ್ಲ. ಹತ್ತಿಯ ಮೆತ್ತಗೆ. ಚೀಲ ದಪ್ಪ, ಕಪ್ಪು. ಪಟ್ಟಿ ಕಿತ್ತಿದ್ದರು, ಕಿತ್ತ ಜಾಗದಲ್ಲಿ ಹಳದಿ ಅಂಟು ಉಳಿದಿತ್ತು. ಮಗ್ಗುಲಿಗೆ ಹರಿದ ತೂತಿನಿಂದ ಬಟ್ಟೆಯ ತುದಿ ಹೊರಗೆ ಬಂದಿತ್ತು. ಹೂವಿನ ಬಟ್ಟೆ.

ಅವಳ ಕಾಲು ಅಲ್ಲೇ ನಿಂತಿತು. ಪಕ್ಕದಲ್ಲಿ ಇನ್ನೊಂದು ಅಂಥದೇ ಚೀಲ. ಅದರಾಚೆ ಇನ್ನೊಂದು. ಬಿಳಿ ಅಂಗಿಯವರು ಚಿಮಟದಲ್ಲಿ ಹಿಡಿದು, ಫೋಟೋ ತೆಗೆಸಿಕೊಂಡು, ಗಾಡಿಗೆ ಹಾಕಿಕೊಂಡು ಹೋದ ಅವಳ ಮನೆ ಅವಳ ಕಾಲ ಬುಡಕ್ಕೆ ಬಂದು ಬಿದ್ದಿತ್ತು. ವಿಷದ ಕಸಕ್ಕೆ ಬೇರೆ ಜಾಗ ಇದೆ ಅನ್ನುತ್ತಿದ್ದರಲ್ಲ, ಅದು ಇದೇ.

"ಅಮ್ಮಾ! ನನ್ನ ಫ್ರಾಕು!"

ಕೋಣೆಯ ಬಾಗಿಲಿನಿಂದ ಹುಡುಗಿ ಓಡಿ ಬರುತ್ತಿದ್ದಳು. ಬರಿಗಾಲು, ಮುಖ ಅರಳಿತ್ತು. ಚೀಲದ ತೂತಿನಿಂದ ಮಣಿಯೊಂದು ಹೊರಳಿ ಸಿಮೆಂಟಿನ ಮೇಲೆ ಬಿತ್ತು, ಒಡೆದು ಹತ್ತಾಯಿತು, ಬೆಳಗಿನ ಬೆಳಕಿಗೆ ಮಿನುಗಿತು. ಹುಡುಗಿ ಅದನ್ನೂ ಕಂಡಳು. ಕೈ ಚಾಚಿ ಬಗ್ಗಿದಳು.

ಚೀಲದಕ್ಕ ಹಾರಿ ಅವಳ ರಟ್ಟೆ ಹಿಡಿದಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಹುಡುಗಿ ಚೀರಿದಳು. ಕಂಕುಳಿಗೆ ಸಿಕ್ಕಿಸಿಕೊಂಡು ಗೇಟಿನವರೆಗೂ ಓಡಿ, ರಸ್ತೆ ದಾಟಿ, ಹಿಂದೆಯೇ ಏದುಸಿರು ಬಿಡುತ್ತ ಬಂದ ಅತ್ತೆಯ ಮಡಿಲಿಗೆ ಹಾಕಿದಳು.

"ಏನೇ ಆದ್ರೂ ಇವಳನ್ನ ಒಳಗೆ ಬಿಡಬೇಡಿ ಅತ್ತೆ. ನಾನು ಸತ್ತೆ ಅಂದ್ರೂ ಬಿಡಬೇಡಿ."

ವಾಪಸ್ ಬಂದಾಗ ಮೇಸ್ತ್ರಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

"ಏನು ನಾಟಕ ಇದು? ಇನ್ನೊಂದು ಲಾರಿ ಬರುತ್ತೆ. ಬಿಚ್ಚು."

"ಬಿಚ್ಚಲ್ಲ."

ಆ ಶೆಡ್ಡಿನಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ.

"ಏನಂದೆ?"

"ಬಿಚ್ಚಲ್ಲ ಅಂದೆ. ಅದರಲ್ಲಿ ನನ್ನ ಮನೆ ಇದೆ. ಅದರಲ್ಲಿ ನನ್ನ ಮಗಳ ವಿಷ ಇದೆ. ನೀನು ಇಲ್ಲಿಗೆ ಹೇಗೆ ತರಿಸಿದೆ?"

"ನಾನು ತರಿಸಿಲ್ಲ. ಕಳಿಸಿದ್ದಾರೆ, ಬಂದಿದೆ. ಚೀಲ ಅಂದ್ಮೇಲೆ ಚೀಲ. ಹಾಸಿಗೆಯ ಹತ್ತಿ ಬೇರೆ, ಬಟ್ಟೆ ಬೇರೆ, ಮಣ್ಣು ಬೇರೆ. ನಿಂಗೆ ಹೊಸದಾಗಿ ಹೇಳ್ಕೊಡಬೇಕಾ?"

"ಮಗು ಇಲ್ಲೇ ಮಲಗುತ್ತೆ. ನೀನೇ ಜಾಗ ಕೊಟ್ಟಿದ್ದು."

"ಹಾಗಾದ್ರೆ ಜಾಗನೂ ಖಾಲಿ ಮಾಡು, ಕೆಲಸನೂ ಖಾಲಿ ಮಾಡು. ನಿನ್ನಂಥೋರು ಗೇಟಿನ ಹೊರಗೆ ಸಾಲು ನಿಂತಿದ್ದಾರೆ." ಮೇಸ್ತ್ರಿ ತಿರುಗಿದ. "ಏ ಬಾಟ್ಲಿ, ಬಾ ಇಲ್ಲಿ. ಕೊಕ್ಕೆ ತಗೋ. ನೀನು ಬಿಚ್ಚು."

ಬಾಟ್ಲಿ ಬಂದಳು. ಅವಳಿಗೂ ಮೂರು ಮಕ್ಕಳು, ಹಾಸಿಗೆ ಹಿಡಿದ ಗಂಡ. ಕೊಕ್ಕೆ ತೆಗೆದುಕೊಂಡಳು. ಚೀಲದಕ್ಕ ಅವಳನ್ನು ತಡೆಯಲಿಲ್ಲ, ಬೈಯಲಿಲ್ಲ, ಚೀಲದ ಮುಂದಿನಿಂದ ಸರಿಯಲೂ ಇಲ್ಲ.

"ನಿನ್ನ ಚಿಕ್ಕವಳು ಒಂದಿನ ನನ್ನ ಮನೇಲಿ ಅದರ ಜೊತೆ ಆಡಿದ್ದಾಳೆ ಕಣೇ," ಅಂದಳು. "ಕೈ ನೋಡಿದ್ಯಾ ಅವಳದ್ದು?"

ಬಾಟ್ಲಿ ನೋಡಿದ್ದಳು, ಎರಡು ದಿನದಿಂದ ನೋಡಿ ನೋಡಿ ಕಣ್ಣು ಆಚೆ ತಿರುಗಿಸಿದ್ದಳು. ಕೊಕ್ಕೆಯನ್ನು ಕೆಳಗಿಟ್ಟಳು. ಎಸೆಯಲಿಲ್ಲ, ಮಲಗಿದ ಮಗುವನ್ನು ಇಳಿಸುವ ಹಾಗೆ ಇಟ್ಟಳು.

ಮೇಸ್ತ್ರಿ ಕೂಗಾಡಿದ. ಒಬ್ಬೊಬ್ಬರನ್ನೂ ಕರೆದ. ಪ್ಲಾಸ್ಟಿಕ್ಕಿನವಳು ಕಿವುಡಿಯಾದಳು. ಡಬ್ಬದವಳಿಗೆ ಇದ್ದಕ್ಕಿದ್ದಂತೆ ಕಾಲು ಉಳುಕಿತು. ಎರಡನೇ ಲಾರಿ ಗೇಟಿನ ಹೊರಗೆ ಬಂದು ಹಾರ್ನ್ ಹೊಡೆಯಿತು, ಸುರಿಯಲು ಜಾಗವಿಲ್ಲ. ಮೇಸ್ತ್ರಿ ಫೋನು ಕಿವಿಗಿಟ್ಟುಕೊಂಡು, "ಸಾರ್, ಒಂದು ಸಲ ಬನ್ನಿ ಸಾರ್, ಇವು ಕೈಗೆ ಸಿಗ್ತಿಲ್ಲ," ಅಂದ. ಮನುಷ್ಯರನ್ನು ಅವನು ಇವು ಅನ್ನುವುದು ಹೊಸದಲ್ಲ.

ಇನ್‌ಸ್ಪೆಕ್ಟರು ಬಂದ. ಇವತ್ತು ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಗೇಟಿನ ಹತ್ತಿರ ಗಾಡಿಯಿಂದ ಇಳಿದು, ಅಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದ.

"ಏನ್ರೀ ಗಲಾಟೆ?"

"ಚೀಲ ಬಿಚ್ಚಲ್ಲ ಅಂತಾವೆ ಸಾರ್. ವಿಷ ಇದೆಯಂತೆ."

"ಯಾವ ವಿಷ? ಎಲ್ಲಾ ಕ್ಲೀನ್ ಮಾಡಿಸಿಯೇ ಕಳಿಸಿರೋದು. ಏನೂ ಇಲ್ಲ ಅದರಲ್ಲಿ. ಸುಮ್ನೆ ಕೆಲಸ ಮಾಡಿ, ಇಲ್ಲಾಂದ್ರೆ ಎಲ್ಲರನ್ನೂ ತೆಗೆದು ಹಾಕಬೇಕಾಗುತ್ತೆ."

ಚೀಲದಕ್ಕ ಕೈಯೆತ್ತಿ ನೆಲ ತೋರಿಸಿದಳು. ಮಣಿಗಳು ಅಲ್ಲೇ ಇದ್ದವು. ಗೇಟಿನಿಂದಲೂ ಕಾಣುತ್ತಿದ್ದವು.

"ಏನೂ ಇಲ್ಲ ಅಂದ್ರೆ ಒಳಗೆ ಬನ್ನಿ ಸಾರ್. ಬಂದು ಈ ಚೀಲದ ಹತ್ರ ನಿಂತು ಅದೇ ಮಾತು ಹೇಳಿ. ನಾನು ಈಗಲೇ ಬಿಚ್ತೀನಿ."

ಮೇಸ್ತ್ರಿಗೂ ಅದು ಒಳ್ಳೆಯ ಉಪಾಯ ಅನ್ನಿಸಿತು. ಬುದ್ಧಿ ಅಷ್ಟೇ. "ಹೌದು ಸಾರ್, ಒಂದ್ನಿಮಿಷ ಬಂದು ಹೇಳಿಬಿಡಿ ಸಾರ್. ನಿಮ್ಮ ಬಾಯಿಂದ ಕೇಳಿದ್ರೆ ನಂಬ್ತಾವೆ."

ಇನ್‌ಸ್ಪೆಕ್ಟರು ಒಂದು ಹೆಜ್ಜೆ ಮುಂದಿಟ್ಟ. ಮಣಿಗಳನ್ನು ನೋಡಿದ. ಹೆಜ್ಜೆ ಹಿಂದೆ ತೆಗೆದ. ಮೇಸ್ತ್ರಿಯ ಮೇಲೆ ರೇಗಿದ:

"ತಲೆ ಇದೆಯೇನ್ರೀ ನಿಮಗೆ? ನಾನು ಹೇಗ್ರೀ ಒಳಗೆ ಬರೋದು? ಕಿಟ್ ಹಾಕ್ಕೊಂಡು ಬಂದಿಲ್ಲ ನಾನು!"

ಆ ಮಾತು ತಗಡಿನ ಮಾಡಿಗೆ ಬಡಿದು ಶೆಡ್ಡಿನ ಮೂಲೆ ಮೂಲೆಗೂ ಕೇಳಿತು. ಹೆಂಗಸರು ಕೇಳಿದರು. ಲಾರಿಯ ಡ್ರೈವರು ಕೇಳಿದ. ಹೇಳಿದ ಮೇಲೆ ಇನ್‌ಸ್ಪೆಕ್ಟರಿಗೂ ಕೇಳಿತು. ಕರವಸ್ತ್ರವನ್ನು ಮೂಗಿನಿಂದ ತೆಗೆದ, ಮತ್ತೆ ಹಿಡಿದ.

ಮೊದಲು ಎದ್ದವಳು ರಟ್ಟಜ್ಜಿ. ಅವಳು ಎದ್ದರೆ ಮೊಣಕಾಲು ಲಟಲಟ ಅನ್ನುತ್ತದೆ. ಮಡಚುತ್ತಿದ್ದ ರಟ್ಟನ್ನು ಹಾಗೇ ಬಿಟ್ಟು, ಕೈ ಕೊಡವಿಕೊಂಡು, ರಾಶಿಯ ಬದಿಯಿಂದ ಮೆಲ್ಲಗೆ ನಡೆದು, ಗೇಟು ದಾಟಿ, ಇನ್‌ಸ್ಪೆಕ್ಟರಿನ ಪಕ್ಕಕ್ಕೆ ಬಂದು ನಿಂತಳು.

"ಸ್ವಲ್ಪ ಜರುಗಪ್ಪಾ," ಅಂದಳು. "ನಾನೂ ಕಿಟ್ ತಂದಿಲ್ಲ."

ಬಾಟ್ಲಿ ಬಂದಳು. ಪ್ಲಾಸ್ಟಿಕ್ಕಿನವಳು ಬಂದಳು. ಡಬ್ಬದವಳ ಉಳುಕಿದ ಕಾಲು ಎಲ್ಲರಿಗಿಂತ ಚುರುಕಾಗಿ ಬಂತು. ಒಬ್ಬೊಬ್ಬರೇ ಬಂದು ಅವನ ಎಡಕ್ಕೆ, ಬಲಕ್ಕೆ, ಬೆನ್ನಿಗೆ ನಿಂತರು. ಅವರ ಮೈಯ ವಾಸನೆಗೆ ಅವನು ಎರಡು ಹೆಜ್ಜೆ ಹಿಂದೆ ಸರಿದ. ಅವರೂ ಎರಡು ಹೆಜ್ಜೆ ಹಿಂದೆ ಸರಿದರು. ಸಾಹೇಬರಿಗೆ ಎಷ್ಟು ದೂರ ಬೇಕೋ ಅವರಿಗೂ ಅಷ್ಟೇ ದೂರ ಬೇಕಿತ್ತು.

ಒಳಗೆ ಉಳಿದವರು ಇಬ್ಬರು. ಮೇಸ್ತ್ರಿ ಚೀಲಗಳನ್ನು ನೋಡಿದ, ನೆಲ ನೋಡಿದ, ತನ್ನ ಚಪ್ಪಲಿ ನೋಡಿಕೊಂಡ. ಅವನಿಗೂ ಮನೆಯಲ್ಲಿ ಮಕ್ಕಳಿದ್ದವು. ಯಾರೋ ಕರೆದ ಹಾಗೆ ಅತ್ತಿತ್ತ ನೋಡಿ, ಬಿರಬಿರನೆ ಅವನೂ ಹೊರಗೆ ನಡೆದ.

ಕೊನೆಗೆ ಬಂದವಳು ಚೀಲದಕ್ಕ. ಅವಳು ಓಡಲಿಲ್ಲ. ಗೇಟಿನ ಎರಡು ಬಾಗಿಲನ್ನೂ ಎಳೆದು ಮುಚ್ಚಿ, ಅಗಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ರಸ್ತೆಯ ಆಚೆ ಅತ್ತೆಯ ಮಡಿಲಲ್ಲಿ ಮಗಳು ಕೂತಿದ್ದಳು. ಕೈ ನಡುಗುತ್ತಿದೆಯೇ ಎಂದು ಇಷ್ಟು ದೂರದಿಂದ ಕಾಣುತ್ತಿರಲಿಲ್ಲ.

ಎರಡನೇ ಲಾರಿಯ ಹಿಂದೆ ಮೂರನೆಯದು ಬಂದು ನಿಂತಿತು. ಹಾರ್ನ್ ಮೇಲೆ ಹಾರ್ನ್. ಇನ್‌ಸ್ಪೆಕ್ಟರು ಗಡಿಯಾರ ನೋಡಿಕೊಂಡು ಕಿರುಚಿದ:

"ಎಲ್ಲರೂ ಹೊರಗೆ ಬಂದು ನಿಂತ್ರೆ ಒಳಗೆ ಕೆಲಸ ಮಾಡೋರು ಯಾರು?"

"ಫೋನ್ ಮಾಡಿ ಸಾರ್," ಅಂದಳು ಚೀಲದಕ್ಕ. "ಆವತ್ತು ನನ್ನ ಮನೆಗೆ ಬಂದಿದ್ರಲ್ಲ, ಬಿಳಿ ಅಂಗಿ ಹಾಕ್ಕೊಂಡು? ಅವರಿಗೆ ಮಾಡಿ. ತುಂಬಿದ್ದು ಅವರು. ಬಂದು ಅವರೇ ತಗೊಂಡು ಹೋಗಲಿ. ಅಲ್ಲೀವರೆಗೆ ನಾವು ನಿಮ್ಮ ಜೊತೆಗೇ ನಿಂತಿರ್ತೀವಿ."

ಎರಡು ಲಾರಿಗಳೂ ಹಾರ್ನ್ ಹೊಡೆಯುತ್ತಲೇ ಇದ್ದವು. ಗೇಟಿನಿಂದ ಯಾರೂ ಸರಿಯಲಿಲ್ಲ. ಇನ್‌ಸ್ಪೆಕ್ಟರು ಫೋನು ತೆಗೆದ.